ಕತೆ ತಿದ್ದಿಸಿಕೊಂಡರೆ ಹೆಬ್ಬೆರಳು ಹೋಗುತ್ತಾ?

ನಮ್ಮ ಹಾಸ್ಟೆಲ್‌ಗಳಲ್ಲಿ ಕವಿಗಳಿಗೇನೂ ಬರ ಇಲ್ಲ. ರೂಮಿಗೊಬ್ಬ ಇದ್ದಾನೆ. ಕೆಲವು ರೂಮಲ್ಲಿ ಇಬ್ಬರಿದ್ದು ಜಗಳಾನೂ ಆಗುತ್ತೆ. ಆದರೆ ಕತೆ ಬರೆಯೋನು ಯಾರಪ್ಪಾ ಅಂತ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕಿನ ಹಾಸ್ಟೆಲ್ ಸುತ್ತಿದರೆ ಸಿಕ್ಕೋರು ಬೆರಳೆಣಿಕೆ. ಯಾಕೆ? ಪದ್ಯವನ್ನು ಸಭೆಯಲ್ಲಿ ಓದಬಹುದು. ಕೊನೇ ಸಾಲಿಗೆ ಬೆಂಕಿ ಅಂತಲೋ ನೆತ್ತರು ಅಂತಲೋ ಬಂದರೆ ಚಪ್ಪಾಳೆ ಗ್ಯಾರಂಟಿ. ನಾವೂ ಆ ಚಪ್ಪಾಳೆ ತಿಂದು ಬೆಳೆದವರೇ, ಸುಳ್ಳು ಯಾಕೆ ಹೇಳಬೇಕು. ಕತೆಗೆ ಆ ಭಾಗ್ಯ ಇಲ್ಲ. ಕತೇನ ಕೂತು ಓದಬೇಕು. ಓದಿದವನು ಎದ್ದು ಬಂದು 'ಇಲ್ಲಿ ನಂಬಿಕೆ ಬರಲಿಲ್ಲ ಕಣೋ' ಅನ್ನಬೇಕು. ಬರೆದವನು ಹೋಗಿ ಮತ್ತೆ ಬರೀಬೇಕು. ಈ ಮೂರನೆಯದು ನಮಗೆ ಆಗಿಬರೋದಿಲ್ಲ.

ಈಚೆಗೆ ಕೋಲಾರದಲ್ಲಿ ಒಂದು ಮಾತುಕತೆ ನಡೀತು. ನಾವು ಮೂವರು ಒಬ್ಬರ ಹತ್ತಿರ ಕತೆ ತೋರಿಸಿ ತಿದ್ದಿಕೊಳ್ತಾ ಇದ್ದೀವಿ ಅಂತ ಬಾಯಿ ತಪ್ಪಿ ಹೇಳಿದೆವು. ಹಿರಿಯ ಸಂಗಾತಿಯೊಬ್ಬರು ಎದ್ದು ನಿಂತು, 'ದ್ರೋಣರ ಹತ್ರ ಹೋಗ್ತಾ ಇದ್ದೀರಾ? ಹೆಬ್ಬೆರಳು ಜೋಪಾನ ಕಣ್ರಪ್ಪಾ' ಅಂದರು. ಸಭೆಯೆಲ್ಲ ನಕ್ಕಿತು. ನಾವೂ ನಕ್ಕೆವು. ಆಮೇಲೆ ಬಸ್ಸಿನಲ್ಲಿ ಮಾತ್ರ ಮೂವರಿಗೂ ನಗು ಬರಲಿಲ್ಲ. ನಮ್ಮ ನೋವನ್ನ ನಾವು ಬರೀತೀವಿ, ಅದನ್ನ ತಿದ್ದೋಕೆ ಇನ್ನೊಬ್ಬ ಯಾರು? ಈ ಪ್ರಶ್ನೆ ಸಣ್ಣದಲ್ಲ. ನಗಾಡಿ ಬಿಡೋ ಹಾಗೂ ಇಲ್ಲ.

ಮೊದಲು ಈ ಕೆಲಸ ಏನು ಅಂತ ಹೇಳಿಬಿಡೋಣ. ಅಮೆರಿಕದ ಕಡೆ ಇದಕ್ಕೆ ಬುಕ್ ಕೋಚ್ ಅಂತ ಹೆಸರು. ಕೋಚ್ ಅಂದ ಕೂಡಲೆ ನಮಗೆ ನೆನಪಾಗೋದು ಕಬಡ್ಡಿ, ಇಲ್ಲಾಂದ್ರೆ ಎಫ್‌ಡಿಎ, ಎಸ್‌ಡಿಎ ಪರೀಕ್ಷೆಯ ಕೋಚಿಂಗ್ ಸೆಂಟರು. ಕಬಡ್ಡಿಯೇ ಇದಕ್ಕೆ ಹತ್ತಿರ. ಕೋಚ್ ಗೆರೆಯಿಂದ ಆಚೆ ನಿಂತಿರುತ್ತಾನೆ. ರೈಡಿಗೆ ಹೋಗೋನು ನೀನು, ಉಸಿರು ನಿಂದು, ಮಂಡಿ ತರಚಿಕೊಳ್ಳೋದೂ ನಿಂದೇ. ಪ್ರಕಾಶಕರ ಕಡೆಯ ಸಂಪಾದಕ ಪುಸ್ತಕ ಮುಗಿದ ಮೇಲೆ ಬರುತ್ತಾನೆ. ಕೋಚ್ ಬರೆಯುತ್ತಿರುವಾಗಲೇ ಬರುತ್ತಾನೆ. ವಾರಕ್ಕೆ ಇಷ್ಟು ಪುಟ ಅಂತ ಓದಿ, ಈ ಸನ್ನಿವೇಶದಲ್ಲಿ ಯಾರಿಗೆ ಏನು ಬೇಕಾಗಿದೆ, ಅದು ಯಾಕೆ ಸಿಕ್ಕುತ್ತಿಲ್ಲ, ಸನ್ನಿವೇಶ ಮುಗಿಯೋ ಹೊತ್ತಿಗೆ ಏನು ಬದಲಾಯಿತು ಅಂತ ಕೇಳುತ್ತಾನೆ. ಅದಕ್ಕೆ ಫೀಸು ತಗೊಳ್ತಾನೆ. ನಮ್ಮ ನಾಡಿನಲ್ಲಿ ಇಂಥ ಹೆಸರಿಲ್ಲದೆ, ಫೀಸಿಲ್ಲದೆ ಇದಕ್ಕೆ ಹತ್ತಿರದ ಕೆಲಸ ಮಾಡಿದವರು ಇದ್ದಾರೆ. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದಲ್ಲಿ ಚಿ. ಶ್ರೀನಿವಾಸರಾಜು ಅವರು ವಿದ್ಯಾರ್ಥಿಗಳ ಬರಹವನ್ನ ಓದಿ, ಅಚ್ಚು ಹಾಕಿ, ಎಷ್ಟೋ ಹೊಸಬರನ್ನ ಕೈ ಹಿಡಿದು ನಿಲ್ಲಿಸಿದರು. ಆದರೆ ಅದು ಬೆಂಗಳೂರು. ನಮ್ಮ ತಾಲ್ಲೂಕುಗಳ ಕಡೆ ಯಾರು ಬರ್ತಾರೆ?

ನಮಗೆ ಸಿಕ್ಕಿದ್ದು ಒಬ್ಬ ಅಕ್ಕ. ಬೆಂಗಳೂರಿನ ಪ್ರೆಸ್ಸೊಂದರಲ್ಲಿ ವರ್ಷಗಟ್ಟಲೆ ಪ್ರೂಫ್ ನೋಡಿದವರು. ಈಗ ಬೇರೆಯವರ ಹಸ್ತಪ್ರತಿ ಓದಿಕೊಡೋದೇ ಅವರ ಜೀವನ. ತಿಂಗಳಿಗೆ ಎರಡು ಭಾನುವಾರ ಕೋಲಾರಕ್ಕೆ ತಂಗಿ ಮನೆಗೆ ಬರುತ್ತಾರೆ. ನಮ್ಮ ಹತ್ತಿರ ದುಡ್ಡು ತಗೊಳ್ಳಲಿಲ್ಲ. ಒಂದೇ ಷರತ್ತು ಹಾಕಿದರು: ಅವರು ನಮ್ಮದೊಂದು ಕತೆ ಓದಿದರೆ ನಾವು ಹಾಸ್ಟೆಲಿನ ಕಿರಿಯ ಹುಡುಗರದೊಂದು ಕತೆ ಓದಿ, ಹೀಗೇ ಕೂತು ಮಾತಾಡಬೇಕು. ಅವರು ಕೇರಿಯವರಲ್ಲ. ಇದನ್ನ ಮುಚ್ಚಿಟ್ಟು ಬರೆದರೆ ಆ ಹಿರಿಯ ಸಂಗಾತಿಗೆ ಉತ್ತರ ಕೊಟ್ಟ ಹಾಗಾಗೋದಿಲ್ಲ, ಅದಕ್ಕೇ ಹೇಳ್ತಾ ಇದ್ದೀವಿ.

ನಾವು ಮೂವರು. ಒಬ್ಬ ಮಾಲೂರು, ಒಬ್ಬ ಶ್ರೀನಿವಾಸಪುರ, ಒಬ್ಬ ಮುಳಬಾಗಿಲು. ಇದನ್ನ ಬರೀತಾ ಇರೋನು ಮೂವರಲ್ಲಿ ಯಾರು ಅಂತ ಕೇಳಬೇಡಿ.

ಶ್ರೀನಿವಾಸಪುರದವನ ಕತೆ ಮಾವಿನ ತೋಪಿನದು. ನಮ್ಮ ಕಡೆ ಮಾವು ಅಂದ್ರೆ ಶ್ರೀನಿವಾಸಪುರ. ಗಿಡದ ಹೂವು ಕಾಣುತ್ತಲೇ ತೋಪು ಗುತ್ತಿಗೆಗೆ ಹೋಗುತ್ತೆ, ಕಾವಲಿಗೆ ನಮ್ಮವರು ಹೋಗ್ತಾರೆ. ಕತೆಯಲ್ಲಿ ಕಾವಲುಗಾರನ ಮಗ ಬಿದ್ದ ಕಾಯಿ ಎತ್ತಿಕೊಳ್ತಾನೆ. ತೋಪಿನ ಯಜಮಾನ ಕೆಂಗಣ್ಣು ಬಿಟ್ಟು, ಮೀಸೆ ತಿರುವಿ, ಚಾಟಿ ಬೀಸುತ್ತಾನೆ. ಹುಡುಗ ಮುಷ್ಟಿ ಕಟ್ಟಿ ಆಕಾಶ ನೋಡ್ತಾನೆ. ಕತೆ ಮುಗೀತು. ಹಾಸ್ಟೆಲಿನಲ್ಲಿ ಓದಿದಾಗ ಬೆಂಚು ಕುಟ್ಟಿದ್ದರು.

ಅಕ್ಕ ಓದಿ ಪುಟ ಕೆಳಗಿಟ್ಟು, 'ಈ ಮೀಸೆ ಯಾವ ಸಿನಿಮಾದ್ದಪ್ಪಾ?' ಅಂದರು.

ನಮ್ಮ ಹುಡುಗನಿಗೆ ರೇಗಿತು. ರೇಗಿದ್ದು ನ್ಯಾಯವೇ. ಆದರೆ ಅವರ ಮುಂದಿನ ಪ್ರಶ್ನೆಗೆ ರೇಗಿ ಉತ್ತರ ಕೊಡೋಕಾಗಲಿಲ್ಲ. 'ಆವತ್ತು ಬೆಳಿಗ್ಗೆ ಆ ಮನುಷ್ಯ ತೋಪಿಗೆ ಯಾಕೆ ಬಂದಿದ್ದ? ಅವನ ಕೈಯಲ್ಲಿ ಏನಿತ್ತು? ನಿಮ್ಮಪ್ಪ ಎಷ್ಟು ದೂರದಲ್ಲಿ ನಿಂತಿದ್ದರು?' ಸುಮಾರು ಹೊತ್ತು ಸುಮ್ಮನಿದ್ದು, ಅವನು ನಿಜವಾಗಿ ನಡೆದದ್ದನ್ನ ಹೇಳಿದ. ಯಜಮಾನನಿಗೆ ಮೀಸೆಯೇ ಇರಲಿಲ್ಲ. ಜೋರು ದನಿ ಕೂಡ ಇರಲಿಲ್ಲ. 'ದಾ ನಾಯ್ನಾ, ಮಗೂಗೆ ಕೊಡು' ಅಂತ ಎರಡು ಹಣ್ಣು ತಾನೇ ಆರಿಸಿದ. ಅಪ್ಪ ಟವಲು ಒಡ್ಡಿದರು. ಆತ ಕೈ ಮೇಲೆತ್ತಿ ಹಣ್ಣನ್ನ ಮೇಲಿನಿಂದ ಟವಲಿಗೆ ಬಿಟ್ಟ. ಒಂದು ಹಣ್ಣು ಟವಲಿನ ಅಂಚಿಗೆ ಬಿದ್ದು ಉರುಳಿ ಮಣ್ಣಾಯಿತು. ಅಪ್ಪ ನಗುತ್ತಾ ಅದನ್ನ ಒರೆಸಿ ಮಗನಿಗೆ ಕೊಟ್ಟರು. ಅಷ್ಟೇ.

'ಇದನ್ನ ಯಾಕೆ ಬರೀಲಿಲ್ಲ?'

'ಇದರಲ್ಲಿ ಏನೂ ನಡೆಯಲ್ಲವಲ್ಲ ಅಕ್ಕಾ.'

ಗೆಳೆಯರೇ, ಇದನ್ನ ಯೋಚನೆ ಮಾಡಿ. ನಮ್ಮ ಬದುಕಿನಲ್ಲಿ ನಿಜವಾಗಿ ನಡೆದದ್ದು ನಮಗೇ 'ಏನೂ ನಡೆಯದ' ಹಾಗೆ ಕಾಣುತ್ತೆ. ಯಾರೋ ಮಾಡಿದ ಸಿನಿಮಾದ ಚಾಟಿ ಮಾತ್ರ ಕತೆ ಅನ್ನಿಸುತ್ತೆ. ಚಾಟಿ ಇಲ್ಲ ಅಂತಲ್ಲ, ಇದೆ. ಆದರೆ ಮೇಲಿನಿಂದ ಬಿಡುವ ಆ ಕೈ ಇದೆಯಲ್ಲ, ಅದು ಚಾಟಿಗಿಂತ ಹಳೆಯದು. ಅದು ನಗ್ತಾ ಬರುತ್ತೆ. ಅದರ ಮೇಲೆ ಕೇಸು ಹಾಕೋಕೂ ಆಗಲ್ಲ.

ಮಾಲೂರಿನವನದು ಇಟ್ಟಿಗೆ ಗೂಡಿನ ಕತೆ. ಹೆಂಚು, ಇಟ್ಟಿಗೆ ಅಂದ್ರೆ ಮಾಲೂರು ಅಂತ ಎಲ್ಲರಿಗೂ ಗೊತ್ತು. ಸಾಹಿತಿಗಳಿಗೆ ಮಾಲೂರು ಅಂದ್ರೆ ಮಾಸ್ತಿ. 1920ರಲ್ಲೇ 'ಕೆಲವು ಸಣ್ಣ ಕಥೆಗಳು' ತಂದವರು, 1983ರ ಜ್ಞಾನಪೀಠದವರು, ಸಣ್ಣಕತೆಗೆ ಕನ್ನಡದಲ್ಲಿ ದಾರಿ ಹಾಕಿದವರು. ಅದೇ ತಾಲ್ಲೂಕಿನ ಗೂಡಿನ ಹುಡುಗನ ಕತೆ ಓದಿ ಹೀಗಲ್ಲ ಹಾಗೆ ಅನ್ನೋರು ಮಾತ್ರ ಇರಲಿಲ್ಲ. ಅವನು 'ತಾಯಿ ಬೆವರು ಸುರಿಸಿ ದುಡಿಯುತ್ತಿದ್ದಳು' ಅಂತ ಬರೆದಿದ್ದ. ಅಕ್ಕ ಕೇಳಿದರು: 'ಒಂದು ಸಲಕ್ಕೆ ಎಷ್ಟು ಇಟ್ಟಿಗೆ ಹೊರುತ್ತಾರೆ?' ಅವನಿಗೆ ಗೊತ್ತಿಲ್ಲ! ಹೆತ್ತ ತಾಯಿ. ಅವಳ ಬೆವರಿನ ಮೇಲೆ ನಾಲ್ಕು ಪದ್ಯ ಬರೆದಿದ್ದಾನೆ. ಇಟ್ಟಿಗೆ ಎಷ್ಟು ಅಂತ ಗೊತ್ತಿಲ್ಲ.

ಮುಂದಿನ ರಜಕ್ಕೆ ಊರಿಗೆ ಹೋಗಿ ಕೇಳಿದ. ಅಮ್ಮ ನಕ್ಕಳಂತೆ. 'ಹನ್ನೆರಡು. ನಿಂಗ್ಯಾಕೋ ಅದು? ಓದ್ಕೋ ಹೋಗು.' ಆಮೇಲೆ ತಾನಾಗೇ ಹೇಳುತ್ತಾ ಹೋದಳು. ಒಂದೊಂದು ನಡೆಗೂ ಒಂದು ಬಿಲ್ಲೆ ಕೊಡ್ತಾರೆ. ಬಿಲ್ಲೆಯನ್ನ ಸೆರಗಿನ ತುದಿಗೆ ಗಂಟು ಹಾಕಿಕೊಳ್ತಾಳೆ. ಸಂಜೆ ಎಣಿಸಿದಾಗ ಒಂದು ದಿನ ಎರಡು ಕಮ್ಮಿ ಬಂತು. ಬಿದ್ದುಹೋಯಿತೋ, ಮೇಸ್ತ್ರಿ ಕೊಡಲೇ ಇಲ್ಲವೋ, ಪಕ್ಕದವಳು ತೆಗೆದಳೋ ಗೊತ್ತಿಲ್ಲ. ಪಕ್ಕದವಳೂ ನಮ್ಮ ಕೇರಿಯವಳೇ. ಆವತ್ತಿನಿಂದ ಅವರಿಬ್ಬರೂ ಮಾತು ಬಿಟ್ಟರು. ಈಗ ಆ ಕತೆಗೆ 'ಎರಡು ಬಿಲ್ಲೆ' ಅಂತ ಹೆಸರಿದೆ. ಬೆವರು ಅನ್ನೋ ಮಾತೇ ಅದರಲ್ಲಿ ಇಲ್ಲ.

ಬಾಬಾಸಾಹೇಬರನ್ನ ನಾವು ಜಯಂತಿಯ ದಿನ ಹಾರ ಹಾಕಿ ಓದ್ತೀವಿ, ಬರವಣಿಗೆ ಕಲಿಯೋಕೆ ಅಂತ ಓದೋದಿಲ್ಲ. ಅವರ 'ವೇಟಿಂಗ್ ಫಾರ್ ಎ ವೀಸಾ' ಸಣ್ಣ ಪುಸ್ತಕ, ಹಾಸ್ಟೆಲ್ ಲೈಬ್ರರಿಯಲ್ಲಿ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ಅದರ ಮೊದಲನೇ ಘಟನೆ 1901ರದು. ಸತಾರಾದಿಂದ ಕೆಲವು ಮಕ್ಕಳು, ಅವರಲ್ಲಿ ಭೀಮರಾವ್ ಒಬ್ಬ, ತಂದೆ ಕೆಲಸ ಮಾಡೋ ಊರಿಗೆ ರೈಲು ಹತ್ತಿ ಹೋಗ್ತಾರೆ. ಅವರು ಹೊರಟಾಗ ತೊಟ್ಟಿದ್ದ ಹೊಸ ಬಟ್ಟೆ, ಅಂಗಿ, ಜರಿ ಟೋಪಿ, ರೇಷ್ಮೆ ಅಂಚಿನ ಧೋತ್ರ ಎಲ್ಲವನ್ನೂ ಅವರು ಹೇಳ್ತಾರೆ. ಮಸೂರು ಸ್ಟೇಷನ್ನಿನಲ್ಲಿ ಕರೆದುಕೊಂಡು ಹೋಗೋರು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರ ಅಕ್ಕರೆಯಿಂದಲೇ ಯಾರ ಮಕ್ಕಳಪ್ಪಾ ನೀವು ಅಂತ ಕೇಳ್ತಾನೆ. ಮಹಾರರು ಅಂತ ಮಕ್ಕಳು ಹೇಳಿದ ಕೂಡಲೆ ಅವನ ಮುಖ ಬದಲಾಗುತ್ತೆ. ಎತ್ತಿನ ಗಾಡಿಯವರು ಒಬ್ಬರೂ ಹತ್ತಿಸಿಕೊಳ್ಳಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ, ಮೇಲೆ ಗಾಡಿ ಹೊಡೆಯೋದೂ ಮಕ್ಕಳೇ, ಗಾಡಿಯವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ. ಬುತ್ತಿ ಇದೆ, ಕುಡಿಯೋಕೆ ನೀರು ಸಿಕ್ಕಲ್ಲ.

ಇದನ್ನ ಮೂರು ಸಲ ಓದಿದೆವು. ಮೊದಲು ಆ ಹೊಸ ಬಟ್ಟೆಯನ್ನ ತೊಡಿಸದೆ ಇದ್ದಿದ್ದರೆ ಸ್ಟೇಷನ್ ಮಾಸ್ತರನ ಮುಖ ಬದಲಾದದ್ದು ನಮಗೆ ಇಷ್ಟು ತಟ್ಟುತ್ತಿತ್ತಾ? ಮಕ್ಕಳು ಸಂಭ್ರಮದಲ್ಲಿದ್ದರು ಅನ್ನೋದು ಆ ಟೋಪಿಯಲ್ಲಿದೆ. ನಾವಾಗಿದ್ದರೆ ಮೊದಲನೇ ಸಾಲಿಗೇ ಕಣ್ಣೀರು ಹಾಕಿಸಿರುತ್ತಿದ್ದೆವು.

ಹಾಗೇ ದೇವನೂರರ 'ಒಡಲಾಳ'. ಸಾಕವ್ವನ ಮನೆಯವರು ರಾತ್ರಿ ಬೆಂಕಿ ಸುತ್ತ ಕೂತು ಕಡಲೆಕಾಯಿ ತಿನ್ನೋ ಸನ್ನಿವೇಶವನ್ನ ಎಷ್ಟು ಸಲ ಓದಿದರೂ ಬಾಯಲ್ಲಿ ಕಡಲೆಕಾಯಿ ರುಚಿ ಬರುತ್ತೆ. ಆಮೇಲೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ಆದರೆ ದೇವನೂರರಿಂದ ನಮಗೊಂದು ಅಪಾಯಾನೂ ಆಗಿದೆ, ತಪ್ಪು ಅವರದಲ್ಲ. ಶ್ರೀನಿವಾಸಪುರದವನು ಕತೆಯ ತುಂಬ ತಾಯಿಯನ್ನ 'ಅವ್ವ' ಅಂತ ಬರೆದಿದ್ದ. ಅಕ್ಕ ಕೇಳಿದರು, 'ನೀನು ಮನೇಲಿ ಅಮ್ಮನ್ನ ಅವ್ವ ಅಂತೀಯಾ?' 'ಇಲ್ಲ, ಅಮ್ಮ ಅಂತೀನಿ.' 'ಮತ್ತೆ ಅವ್ವ ಅಂದ್ರೆ ಯಾರು?' 'ಅಜ್ಜಿ.' ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಮೈಸೂರು, ನಂಜನಗೂಡಿನ ಕಡೆ ಅವ್ವ ಅಂದ್ರೆ ತಾಯಿ. ನಮ್ಮ ಕಡೆ ತೆಲುಗಿನ ನೆರಳಲ್ಲಿ ಅವ್ವ ಅಂದ್ರೆ ಅಜ್ಜಿ. ದಲಿತ ಕತೆ ಅಂದಮೇಲೆ 'ಅವ್ವ' ಇರಲೇಬೇಕು ಅಂತ ಯಾರೂ ಹೇಳದೆ ನಾವೇ ನಿಯಮ ಮಾಡಿಕೊಂಡಿದ್ದೆವು. ಮೇಲ್ಜಾತಿಯವರ ಭಾಷೆ ಬೇಡ ಅಂತ ಬಂದು, ಇನ್ನೊಂದು ಜಿಲ್ಲೆಯ ನಮ್ಮವರ ಭಾಷೆಯನ್ನ ಕಾಪಿ ಹೊಡೆದಿದ್ದೆವು.

ನಮ್ಮ ಕಷ್ಟ ಇನ್ನೂ ಇದೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಕೇರಿಗಳಲ್ಲಿ ಮನೆ ಮಾತು ತೆಲುಗು. ಸ್ಕೂಲು ಕನ್ನಡ. ಕತೆಯಲ್ಲಿ ಅಪ್ಪ ಬಾಯಿ ಬಿಟ್ಟರೆ ಯಾವ ಭಾಷೆ? ಇದಕ್ಕೆ ಅಕ್ಕನ ಹತ್ತಿರ ಉತ್ತರ ಇರಲಿಲ್ಲ. 'ಅದು ನೀವೇ ಕಂಡುಕೋಬೇಕು' ಅಂದರು. ನಾವೀಗ ಮಾಡ್ತಾ ಇರೋದು: ಕೂಗು, ಬೈಗುಳ, ಮುದ್ದು ತೆಲುಗಿನಲ್ಲೇ ಬಿಡೋದು, ಉಳಿದದ್ದು ನಮ್ಮ ಕೋಲಾರದ ಕನ್ನಡ. ಸರಿಯೋ ತಪ್ಪೋ, ಓದಿದವರು ಹೇಳಬೇಕು.

ಇಷ್ಟು ಹೇಳಿದಮೇಲೆ ಇನ್ನೊಂದು ಮಗ್ಗುಲೂ ಹೇಳಬೇಕು. ಕಲಿಸೋರೆಲ್ಲ ಅಕ್ಕನ ಹಾಗಿರಲ್ಲ. ಮೂರು ತಿಂಗಳಲ್ಲಿ ಕಾದಂಬರಿ ಬರೆಸ್ತೀವಿ ಅಂತ ಮೊಬೈಲಿನಲ್ಲಿ ಜಾಹೀರಾತು ಬರುತ್ತಲ್ಲ, ಅಂಥ ಒಂದು ಶಿಬಿರಕ್ಕೆ ನಮ್ಮಲ್ಲೊಬ್ಬ ಬೆಂಗಳೂರಿಗೆ ಹೋಗಿದ್ದ. ಗಾರೆ ಕೆಲಸ ಮಾಡಿ ಫೀಸು ಹೊಂದಿಸಿದ್ದ. ಅಲ್ಲಿನ ಮಹಾಶಯರು ಕತೆ ಓದಿ, 'ಚೆನ್ನಾಗಿದೆ, ಜಾತಿ ಹೆಸರು ಮಾತ್ರ ತೆಗೆದುಬಿಡಿ, ಆಗ ಇದು ಎಲ್ಲರ ಕತೆ ಆಗುತ್ತೆ' ಅಂದರು. ಎಲ್ಲರ ಕತೆ! ಟವಲಿಗೆ ಮೇಲಿನಿಂದ ಹಣ್ಣು ಬಿದ್ದದ್ದು ಎಲ್ಲರಿಗೂ ಅಲ್ಲ ಸ್ವಾಮಿ. ಜಾತಿ ತೆಗೆದರೆ ಆ ಕೈ ಯಾಕೆ ಮೇಲೆ ನಿಂತಿತು ಅನ್ನೋದೇ ತಿಳಿಯಲ್ಲ. ಹಿರಿಯ ಸಂಗಾತಿ ಹೇಳಿದ ದ್ರೋಣರು ಇಲ್ಲಿದ್ದಾರೆ, ಒಪ್ಪಿದೆವು.

ಅಮೆರಿಕದ ಕಪ್ಪು ಜನರ ಲೇಖಕರಿಗೂ ಇದೇ ಆಗಿದೆ. ಜೋರಾ ನೀಲ್ ಹರ್ಸ್ಟನ್ ಅನ್ನೋ ಹೆಣ್ಣುಮಗಳು, ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮನಾಗಿ ತಂದಿದ್ದ ಮುದುಕನೊಬ್ಬನ ಬದುಕನ್ನ ಅವನದೇ ಮಾತಿನಲ್ಲಿ ಬರೆದು 1931ರಲ್ಲಿ ಪ್ರಕಾಶಕರಿಗೆ ಕೊಟ್ಟಳು. ಅವನ ಆಡುಮಾತು ತೆಗೆದು ಶಿಷ್ಟ ಇಂಗ್ಲಿಷಿಗೆ ತಿರುಗಿಸು ಅಂದರು. ಅವಳು ಆಗಲ್ಲ ಅಂದಳು. ಆ 'ಬರ್ರಕೂನ್' ಪುಸ್ತಕ ಅಚ್ಚಾದದ್ದು 2018ರಲ್ಲಿ, ಅವಳು ಸತ್ತು ಐವತ್ತೆಂಟು ವರ್ಷವಾದ ಮೇಲೆ. ರಿಚರ್ಡ್ ರೈಟ್ ಒಪ್ಪಿಕೊಂಡ. ಅವನ 'ಬ್ಲ್ಯಾಕ್ ಬಾಯ್' 1945ರಲ್ಲಿ ಬಂದಾಗ ದಕ್ಷಿಣದ ರಾಜ್ಯಗಳ ಹಿಂಸೆಯ ಭಾಗ ಮಾತ್ರ ಇತ್ತು. ಉತ್ತರದ ಪಟ್ಟಣದಲ್ಲಿ ಅವನು ಕಂಡದ್ದನ್ನ ಹೇಳೋ ಅರ್ಧ ಭಾಗವನ್ನ ಪುಸ್ತಕ ಕೊಳ್ಳುವ ಕ್ಲಬ್ಬಿನವರು ಬೇಡ ಅಂದಿದ್ದರು. ಆ ಅರ್ಧ ಪುಸ್ತಕವಾಗಿ ಬಂದದ್ದು 1977ರಲ್ಲಿ, ಅವನೂ ಸತ್ತ ಮೇಲೆ. ಒಬ್ಬಳು ಒಪ್ಪಲಿಲ್ಲ, ಪುಸ್ತಕ ಬರಲಿಲ್ಲ. ಒಬ್ಬ ಒಪ್ಪಿದ, ಪುಸ್ತಕ ಬಂತು, ಅರ್ಧ. ಯಾರು ಸರಿ ಅಂತ ಹಾಸ್ಟೆಲಿನ ತಾರಸಿ ಮೇಲೆ ಕೂತು ಒಂದು ರಾತ್ರಿಯೆಲ್ಲ ಜಗಳ ಆಡಿದೆವು.

ಅಕ್ಕನೂ ಒಮ್ಮೆ ಎಡವಿದರು. ಮಾಲೂರಿನವನ ಕತೆಯಲ್ಲಿ ಹಬ್ಬದ ದಿನ ಬಾಡು ಗುಡ್ಡೆ ಹಾಕೋ ಒಂದು ಪುಟ ಇತ್ತು. 'ಇಲ್ಲಿ ಕತೆ ನಿಂತುಹೋಗುತ್ತೆ, ತೆಗಿ' ಅಂದರು. ಅವನು ಹಟ ಹಿಡಿದ. ಮಾತು ಬಿಟ್ಟ ಆ ಪಕ್ಕದವಳು ಗಂಡ ಇಲ್ಲದವಳು. ಗುಡ್ಡೆ ಹಾಕುವಾಗ ಅವಳ ಪಾಲನ್ನ ಯಾರು, ಹೇಗೆ ಇಡ್ತಾರೆ ಅನ್ನೋದರಲ್ಲೇ ಇಡೀ ಕೇರಿ ಇದೆ ಅಂತ ವಾದ ಮಾಡಿದ. ಅಕ್ಕ ಸ್ವಲ್ಪ ಹೊತ್ತು ಯೋಚಿಸಿ, 'ನಂಗೆ ಗೊತ್ತಿರಲಿಲ್ಲ. ಆದರೆ ನೀನು ಈಗ ಹೇಳಿದ್ದು ಆ ಪುಟದಲ್ಲಿ ಇಲ್ಲವಲ್ಲ' ಅಂದರು. ತಿರುಗಿಸಿ ನೋಡಿದರೆ, ಹೌದು, ಇಲ್ಲ. ಬಾಡಿನ ವರ್ಣನೆ ಇದೆ, ಆ ಹೆಣ್ಣುಮಗಳು ಇಲ್ಲ. ಪುಟ ಉಳಿಯಿತು, ಅವಳು ಬಂದಳು. ಗೊತ್ತಿಲ್ಲದವರು ಪ್ರಶ್ನೆ ಕೇಳಿದರೆ ನಮಗೆ ಲಾಭ. ಗೊತ್ತಿಲ್ಲದವರು ಅಪ್ಪಣೆ ಕೊಟ್ಟರೆ ನಷ್ಟ. ಹೆಬ್ಬೆರಳಿನ ವಿಚಾರದಲ್ಲಿ ನಮಗೆ ಇಲ್ಲಿಯವರೆಗೆ ತಿಳಿದದ್ದು ಇಷ್ಟು.

ವಿವರ ಯಾಕೆ ಬೇಕು, ಇದೇನು ಸಾಹಿತ್ಯದ ಶೋಕಿಯಾ ಅಂತ ಕೇಳೋರಿಗೆ ಒಂದು ಮಾತು. ಕಂಬಾಲಪಲ್ಲಿ ನಮ್ಮ ಜಿಲ್ಲೆಯಲ್ಲೇ ಇತ್ತು, ಚಿಂತಾಮಣಿ ತಾಲ್ಲೂಕು ಆಗ ಕೋಲಾರಕ್ಕೆ ಸೇರಿತ್ತು. 2000ನೇ ಇಸವಿ ಮಾರ್ಚ್ 11ರಂದು ನಮ್ಮ ಏಳು ಜನರನ್ನ ಬೆಂಕಿಯಲ್ಲಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಆ ಊರಿನ ಮೇಲೆ ನಾವೆಲ್ಲ ಪದ್ಯ ಬರೆದಿದ್ದೀವಿ. ಎಲ್ಲ ಪದ್ಯದಲ್ಲೂ ಬೆಂಕಿ ಇದೆ, ಒಂದರಲ್ಲೂ ಬಾಗಿಲು ಇಲ್ಲ. ಯಾರು ಎಲ್ಲಿ ನಿಂತಿದ್ದರು, ಯಾರು ಯಾರನ್ನ ಕರೆದರು ಅನ್ನೋದು ಇಲ್ಲ. 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ಜಾತಿ ನಿಂದನೆಯ ದೂರು ಕೊಡಬೇಕಾದರೂ ಅದು ನಾಲ್ಕು ಜನರ ಕಣ್ಣಿಗೆ ಬೀಳೋ ಜಾಗವಾ, ಏನು ಮಾತು ಅಂದರು, ಯಾರು ಕೇಳಿಸಿಕೊಂಡರು ಅಂತಾನೇ ಕೇಳ್ತಾರೆ. ಸ್ಟೇಷನ್ನಿನಲ್ಲಿ ನಮ್ಮ ಹುಡುಗರು 'ತುಂಬಾ ಅವಮಾನ ಮಾಡಿದ್ರು ಸಾರ್' ಅಂತ ಹೇಳಿ ಬಾಯಿ ಕಟ್ಟಿ ನಿಲ್ಲೋದನ್ನ ನೋಡಿದ್ದೀವಿ.

ನಾಟಕದವರು ಇದನ್ನ ನಮಗಿಂತ ಮೊದಲೇ ಕಂಡುಕೊಂಡಿದ್ದಾರೆ. ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಸಂಗಾತಿಗಳ ಜೊತೆ ಕಟ್ಟಿದ ಆದಿಮದಲ್ಲಿ ಹುಣ್ಣಿಮೆ ರಾತ್ರಿ ಕೂತು ನಾಟಕ ನೋಡಿದವರಿಗೆ ಗೊತ್ತು. ರಂಗದ ಮೇಲೆ ಒಬ್ಬ ಬರೀ 'ಶೋಷಿತ' ಆಗಿ ಒಳಗೆ ಬರೋಕಾಗಲ್ಲ. ಕೈಯಲ್ಲಿ ಏನಾದರೂ ಹಿಡಿದುಕೊಂಡೇ ಬರಬೇಕು, ಇಲ್ಲಾ ಖಾಲಿ ಕೈಯಲ್ಲಿ ಬರಬೇಕು.

ಇನ್ನು ಮೂರನೆಯವನ ಕತೆ. ಮುಳಬಾಗಿಲಿನವನದು. ನಮ್ಮ ಮೂವರಲ್ಲಿ ಒಳ್ಳೆ ಕತೆ ಅವನದೇ. ಅವನ ಕೇರಿಯ ಹುಡುಗಿಯೊಬ್ಬಳು ಮೇಲಿನ ಬೀದಿಯ ಹುಡುಗನನ್ನ ನಂಬಿ ರಾತ್ರಿ ಬಸ್ ಸ್ಟ್ಯಾಂಡಿಗೆ ಬಂದು ಕಾದು ನಿಲ್ಲೋ ಸನ್ನಿವೇಶ. ಮೊದಲು ಅದು ಅರ್ಧ ಪುಟ ಇತ್ತು. ಅಕ್ಕ ಕೇಳ್ತಾ ಕೇಳ್ತಾ ಅದು ಆರು ಪುಟ ಆಯಿತು. ಅವಳ ಚೀಲದಲ್ಲಿ ಏನೇನಿತ್ತು, ಯಾವ ಬಸ್ಸು ಬಂದು ಹೋಯಿತು, ಹೋಟ್ಲು ಬಾಗಿಲು ಹಾಕೋನು ಏನು ಕೇಳಿದ, ಎಲ್ಲಾ ಬಂತು. ಓದ್ತಾ ಇದ್ದರೆ ನಾವೇ ಆ ಕಲ್ಲು ಬೆಂಚಿನ ಮೇಲೆ ಕೂತ ಹಾಗೆ. ಅದೇ ತೊಂದರೆ. ಈಗ ಓದಿದವರಿಗೆ ಆ ಹುಡುಗಿ ಯಾರು ಅಂತ ಗೊತ್ತಾಗಿಬಿಡುತ್ತೆ. ಅವಳಿಗೆ ಈಗ ಮದುವೆಯಾಗಿದೆ. ಆ ಹುಡುಗನ ಮನೆಯವರು ಊರಿನಲ್ಲೇ ಇದ್ದಾರೆ. ಅರ್ಧ ಪುಟ ಇದ್ದಾಗ ಅವಳಿಗೆ ಅಪಾಯ ಇರಲಿಲ್ಲ.

'ಊರು ಬದಲಾಯಿಸು' ಅಂದರು ಅಕ್ಕ. ಗಡಿ ಹತ್ತಿರವೇ ಇದೆ, ಆಂಧ್ರದ ಕಡೆಗೆ ಒಯ್ದ. ಚೀಲ ಬದಲಾಯಿಸಿದ, ಬಸ್ಸು ಬದಲಾಯಿಸಿದ. ಕತೆ ಸತ್ತುಹೋಯಿತು. ಅಕ್ಕನೂ ಓದಿ ಹಾಗೇ ಅಂದರು. 'ಇದರಲ್ಲಿ ನಾನು ಹೇಳೋದಕ್ಕೆ ಏನಿಲ್ಲಪ್ಪಾ. ಅವಳು ನಿಮ್ಮ ಕೇರಿಯವಳು' ಅಂತ ಮೊದಲನೇ ಪ್ರತಿಯನ್ನ ಅವನ ಕೈಗೇ ಕೊಟ್ಟರು.

ಅಚ್ಚು ಹಾಕೋಣ, ಹೆಣ್ಣುಮಕ್ಕಳಿಗೆ ಇದು ಗೊತ್ತಾಗಲಿ ಅಂತ ನಮ್ಮಲ್ಲಿ ಇಬ್ಬರು. ಬೇಡ ಅಂತ ಒಬ್ಬ. ಬೇಡ ಅನ್ನೋನು ಬರೆದವನೇ. ಅವಳನ್ನೇ ಕೇಳಬೇಕು ಅಂತ ಈಗ ತೀರ್ಮಾನ ಆಗಿದೆ. ಯಾರು ಹೋಗಿ ಕೇಳೋದು, ಏನಂತ ಕೇಳೋದು ಗೊತ್ತಿಲ್ಲ. ಅವಳು ಹಬ್ಬಕ್ಕೆ ತವರಿಗೆ ಬರ್ತಾಳಂತೆ. ಅಲ್ಲಿಯವರೆಗೆ ಆ ಆರು ಪುಟ ಹಾಸ್ಟೆಲಿನ ಟ್ರಂಕಿನಲ್ಲಿ, ಬಟ್ಟೆಯ ಅಡಿಗೆ, ಬೀಗ ಹಾಕಿ ಇದೆ.